ಕಡಲಾಚೆಯ ಕೆಲಸ: ಕಷ್ಟ ಬಂದಾಗ ಹೊಣೆ ಯಾರದು?

ಮಗನಿಗೋ ಮಗಳಿಗೋ ಹೊರದೇಶದಲ್ಲಿ ಕೆಲಸ ಸಿಕ್ಕಿದೆ ಎಂಬ ಸುದ್ದಿ ಬಂದರೆ ಬಂಧುಬಳಗ ಮೊದಲು ಕೇಳುವುದು ‘ಸಂಬಳ ಎಷ್ಟು?’ ಎಂದು. ನಂತರದ ಪ್ರಶ್ನೆ ‘ಯಾವಾಗ ಹೊರಡುವುದು?’. ಮೂರನೆಯದೊಂದು ಪ್ರಶ್ನೆ ಇದೆ. ಅದನ್ನು ಕೇಳುವವರು ಅಪರೂಪ. ಕೇಳಿದರೂ ‘ಅಪಶಕುನ ನುಡಿಯಬೇಡಿ’ ಎಂದು ಬಾಯಿ ಮುಚ್ಚಿಸುವುದುಂಟು. ಅಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ನೋಡಿಕೊಳ್ಳುವವರು ಯಾರು? ಇದೇ ಆ ಪ್ರಶ್ನೆ.

ಈ ಪ್ರಶ್ನೆ ಈಗ ಬೆಂಗಳೂರು, ಮಂಗಳೂರುಗಳಿಗೆ ಮಾತ್ರ ಸೇರಿದ್ದಲ್ಲ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳನ್ನೇ ನೋಡಿ. ಒಂದು ಕಪಿಲೆಯ ದಡದ ಶ್ರೀಕಂಠೇಶ್ವರನ ಊರು, ರಸಬಾಳೆಯ ನಾಡು. ಇನ್ನೊಂದು ಕಾವೇರಿ-ಕಪಿಲೆಯರು ಕೂಡುವ ಸಂಗಮ, ನಾಲೆ ನೀರಿನ ಬತ್ತ-ಕಬ್ಬಿನ ಸೀಮೆ. ಇಲ್ಲಿನ ಹಿಂದಿನ ತಲೆಮಾರಿಗೆ ಮೈಸೂರಿಗೆ ಹೋಗಿ ಸಂಜೆ ಬಸ್ಸಿಗೆ ಮರಳುವುದೇ ಪ್ರಯಾಣವಾಗಿತ್ತು. ಇಂದು ಅದೇ ಮನೆಗಳ ಮಕ್ಕಳು ಐಟಿಐ, ಡಿಪ್ಲೊಮಾ, ನರ್ಸಿಂಗ್, ಎಂಜಿನಿಯರಿಂಗ್ ಓದುತ್ತಿದ್ದಾರೆ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಸ್ವಿಟ್ಜರ್ಲೆಂಡ್ ಮೂಲದ ನೆಸ್ಲೆ ಕಂಪನಿಯ ಕಾಫಿ ಕಾರ್ಖಾನೆ 1989ರಿಂದ ಇದೆ. ವಿದ್ಯುನ್ಮಾನ ಉಪಕರಣಗಳಿಗೆ ಸರ್ಕಿಟ್ ಬೋರ್ಡ್ ಮಾಡುವ ಎಟಿ ಅಂಡ್ ಎಸ್ ಕಾರ್ಖಾನೆಯ ಮೂಲ ಆಸ್ಟ್ರಿಯಾ ದೇಶ. ಇಂಥ ಊರಿನಲ್ಲಿ ‘ಆನ್‌ಸೈಟ್’, ‘ಡೆಪ್ಯುಟೇಶನ್’ ಎಂಬ ಮಾತುಗಳು ಹೊಸದಾಗಿ ಉಳಿದಿಲ್ಲ.

ಹೊರದೇಶದ ಕೆಲಸದಲ್ಲಿ ಅಪಾಯವೇ ಇರಬಾರದು ಎಂದರೆ ಯಾರೂ ಊರು ಬಿಡಲಾಗದು. ಅಪಾಯ ಬಂದರೆ ಯಾರು ಏನು ಮಾಡಬೇಕು ಎಂಬುದು ಹೊರಡುವ ಮುನ್ನವೇ ಕಾಗದದ ಮೇಲೆ ಇದೆಯೇ ಎಂದು ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿರುವ ಸಂಗತಿ.

ಹುಣಸೂರಿನಿಂದ ಸುಡಾನ್‌ವರೆಗೆ

ಇದಕ್ಕೆ ದೂರದ ಉದಾಹರಣೆ ಬೇಡ. ನಂಜನಗೂಡು, ನರಸೀಪುರಗಳಿರುವ ಮೈಸೂರು ಜಿಲ್ಲೆಯಲ್ಲೇ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಇದೆ. ಅದು ಹಕ್ಕಿಪಿಕ್ಕಿ ಜನರ ಊರು. ಹಿಂದೆ ಹಕ್ಕಿ ಹಿಡಿದು ಬದುಕುತ್ತಿದ್ದ ಈ ಸಮುದಾಯ, ಬೇಟೆಗೆ ನಿಷೇಧ ಬಂದ ಮೇಲೆ ಗಿಡಮೂಲಿಕೆ, ಎಣ್ಣೆಗಳ ವ್ಯಾಪಾರಕ್ಕೆ ತಿರುಗಿತು. ವ್ಯಾಪಾರ ಬೆಳೆದು ಆಫ್ರಿಕಾದ ದೇಶಗಳಿಗೂ ಹಬ್ಬಿತು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರೂ ಹೊರನಾಡಿನ ಭಾಷೆ ಕಲಿತು ವ್ಯವಹಾರ ಮಾಡಿದರು. ಇವರ ಧೈರ್ಯವನ್ನು ಮೆಚ್ಚಲೇಬೇಕು.

2023ರ ಏಪ್ರಿಲ್ 15ರಂದು ಸುಡಾನ್ ದೇಶದಲ್ಲಿ ಸೈನ್ಯಕ್ಕೂ ಅರೆಸೇನಾಪಡೆಗೂ ಯುದ್ಧ ಹೊತ್ತಿಕೊಂಡಿತು. ಆಗ ಅಲ್ಲಿ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ವ್ಯಾಪಾರಕ್ಕೆ ಹೋಗಿದ್ದರು. ಡಾರ್ಫರ್ ಪ್ರಾಂತದ ಅಲ್ ಫಶೀರ್ ಊರಿನಲ್ಲಿ 31 ಮಂದಿ ಸಿಕ್ಕಿಬಿದ್ದಿದ್ದಾರೆ, ಅನ್ನ-ನೀರಿಗೂ ತತ್ವಾರವಾಗಿದೆ ಎಂಬ ಸುದ್ದಿ ರಾಜ್ಯದಲ್ಲಿ ದೊಡ್ಡದಾಯಿತು. ರಾಜಧಾನಿ ಖಾರ್ಟೂಮಿನಿಂದ ಆ ಊರು ನೂರಾರು ಮೈಲಿ ದೂರ. ವಿಮಾನವಿಲ್ಲ, ದಾರಿಯುದ್ದಕ್ಕೂ ಬಂದೂಕು.

ಭಾರತ ಸರ್ಕಾರ ಏಪ್ರಿಲ್ 24ರಂದು ರಕ್ಷಣಾ ಕಾರ್ಯ ಆರಂಭಿಸಿತು. ಅದಕ್ಕೆ ಇಟ್ಟ ಹೆಸರು ‘ಆಪರೇಶನ್ ಕಾವೇರಿ’. ನರಸೀಪುರದ ಮಗ್ಗುಲಲ್ಲಿ ಹರಿಯುವ ಹೊಳೆಯ ಹೆಸರು ಮರುಭೂಮಿಯ ಬಂದರಿನಲ್ಲಿ ಕೇಳಿಬಂತು. ಜನರನ್ನು ಬಸ್ಸುಗಳಲ್ಲಿ ಪೋರ್ಟ್ ಸುಡಾನ್‌ಗೆ ತಂದು, ನೌಕಾಪಡೆಯ ಹಡಗು ಮತ್ತು ವಾಯುಪಡೆಯ ವಿಮಾನಗಳಲ್ಲಿ ಸೌದಿಯ ಜೆಡ್ಡಾಕ್ಕೆ ದಾಟಿಸಿ, ಅಲ್ಲಿಂದ ಸ್ವದೇಶಕ್ಕೆ ಕರೆತರಲಾಯಿತು. ಮೇ 5ಕ್ಕೆ ಕಾರ್ಯಾಚರಣೆ ಮುಗಿದಾಗ ಒಟ್ಟು 3,862 ಮಂದಿ ಪಾರಾಗಿದ್ದರು. ಹಕ್ಕಿಪಿಕ್ಕಿ ಜನರೂ ಬೆಂಗಳೂರಿಗೆ ಬಂದಿಳಿದರು.

ಜೀವ ಉಳಿಯಿತು, ದೊಡ್ಡ ಮಾತು. ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಸಾಲ ಮಾಡಿ ಕೊಂಡೊಯ್ದ ಸರಕು ಅಲ್ಲೇ ಉಳಿಯಿತು, ಸಾಲ ಮಾತ್ರ ಊರಿನಲ್ಲಿ ಕಾದಿತ್ತು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇಲ್ಲದ ಪ್ರಯಾಣಿಕರನ್ನು ವಿಮಾನ ನಿಲ್ದಾಣದಿಂದ ಮನೆಗೆ ಬಿಡದೆ ಪ್ರತ್ಯೇಕವಾಗಿ ಇರಿಸಬೇಕಾಯಿತು. ಆಫ್ರಿಕಾದ ಹಲವು ದೇಶಗಳಿಗೆ ಹೋಗುವವರು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಈ ಲಸಿಕೆ ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿದ ಪ್ರಮಾಣಪತ್ರ ಈಗ ಜೀವನಪೂರ್ತಿ ಸಲ್ಲುತ್ತದೆ. ಇಷ್ಟು ಸಣ್ಣ ಸಂಗತಿಯನ್ನು ಹೇಳಿಕೊಡುವವರು ಅವರ ಹಿಂದೆ ಯಾರೂ ಇರಲಿಲ್ಲ. ಏಕೆಂದರೆ ಅವರನ್ನು ಕಳುಹಿಸಿದ ಕಂಪನಿಯೇ ಇರಲಿಲ್ಲ. ಲಾಭವೂ ಅವರದೇ, ನಷ್ಟವೂ ಅವರದೇ ಆಗಿತ್ತು.

ಯುದ್ಧ ಅಲ್ಲಿ ನಿಲ್ಲಲೂ ಇಲ್ಲ. 2025ರ ಅಕ್ಟೋಬರಿನಲ್ಲಿ ದೀರ್ಘ ಮುತ್ತಿಗೆಯ ನಂತರ ಅಲ್ ಫಶೀರ್ ಅರೆಸೇನಾಪಡೆಯ ವಶವಾಯಿತು. ಅಂದು ಹೊರಬಂದವರು ಸಕಾಲದಲ್ಲಿ ಹೊರಬಂದರೆಂದೇ ಹೇಳಬೇಕು.

ಕಳುಹಿಸುವವರ ಕರ್ತವ್ಯ

ಕಂಪನಿಯೊಂದು ತನ್ನ ನೌಕರನನ್ನು ಹೊರದೇಶಕ್ಕೆ ಕಳುಹಿಸಿದಾಗ ಸ್ಥಿತಿ ಬೇರೆ. ಅವನು ಹೋಗುವುದು ಕಂಪನಿಯ ಕೆಲಸಕ್ಕೆ. ಆದ್ದರಿಂದ ಅವನ ಕ್ಷೇಮವೂ ಕಂಪನಿಯ ಕೆಲಸದ ಭಾಗವೇ. ಜಗತ್ತಿನ ಗುಣಮಟ್ಟ ಸಂಸ್ಥೆಯಾದ ಐಎಸ್ಒ 2021ರಲ್ಲಿ ಇದಕ್ಕೆಂದೇ 31030 ಸಂಖ್ಯೆಯ ಮಾರ್ಗಸೂಚಿ ಹೊರತಂದಿದೆ. ಅದರ ಸಾರ ಹಳ್ಳಿಯವರಿಗೂ ತಿಳಿಯುವಂಥದ್ದು. ಹೋಗುವ ಸ್ಥಳ ಎಂಥದೆಂದು ಮೊದಲೇ ವಿಚಾರಿಸು, ಹೋಗುವವನಿಗೆ ತಿಳಿಸಿ ತಯಾರು ಮಾಡು, ಅಲ್ಲಿದ್ದಾಗ ಸಂಪರ್ಕದಲ್ಲಿರು, ಕೆಟ್ಟರೆ ಹೊರತರುವ ದಾರಿ ಇಟ್ಟುಕೊ, ಮರಳಿದ ಮೇಲೆ ಏನು ಕಲಿತೆವೆಂದು ನೋಡು. ಇದು ಕಾನೂನಲ್ಲ, ಮಾರ್ಗಸೂಚಿ. ಆದರೆ ಒಳ್ಳೆಯ ಕಂಪನಿಯನ್ನು ಗುರುತಿಸಲು ಇದೊಂದು ಒರೆಗಲ್ಲು.

ಇದರಲ್ಲಿ ಮೊದಲ ಮಾತೇ ಮುಖ್ಯ. ಲಿಬಿಯಾದಲ್ಲಿ ಅಂತರ್ಯುದ್ಧ ಬಿರುಸಾದಾಗ, 2014ರಲ್ಲೇ, ಭಾರತೀಯರು ದೇಶ ಬಿಡಬೇಕೆಂದು ನಮ್ಮ ಸರ್ಕಾರ ಎಚ್ಚರಿಸಿತ್ತು. ಸಿರ್ತ್ ನಗರದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ನಾಲ್ವರು ಭಾರತೀಯರು 2015ರ ಜುಲೈ ಕೊನೆಯಲ್ಲಿ ಊರಿಗೆ ಮರಳಲು ಹೊರಟಾಗ ದಾರಿಯಲ್ಲಿ ಅಪಹರಣಕ್ಕೆ ಒಳಗಾದರು. ಅವರಲ್ಲಿ ಇಬ್ಬರು ಕರ್ನಾಟಕದವರು. ಇವರಿಬ್ಬರು ಒಂದೆರಡು ದಿನಗಳಲ್ಲೇ ಬಿಡುಗಡೆಯಾದರು. ಉಳಿದಿಬ್ಬರು ಹೊರಬರಲು 2016ರ ಸೆಪ್ಟೆಂಬರ್ ಆಗಬೇಕಾಯಿತು. ವಿದ್ಯಾವಂತರು, ಗೌರವದ ನೌಕರಿ, ಹೊರಟಿದ್ದೂ ಮನೆಯ ಕಡೆಗೆ. ಆದರೂ ಹೀಗಾಯಿತು. ದಾರಿ ಮುಚ್ಚುವ ಮೊದಲು ಹೊರಡುವ ತೀರ್ಮಾನವನ್ನು ಒಬ್ಬಂಟಿ ನೌಕರನ ತಲೆಗೆ ಬಿಡಬಾರದು. ಹಾಗೆ ಹೊರಟರೆ ಸಂಬಳ ಕಡಿತವಾದೀತು, ನೌಕರಿ ಹೋದೀತು ಎಂಬ ಭಯವೇ ಎಷ್ಟೋ ಜನರನ್ನು ಅಲ್ಲಿಯೇ ಕಟ್ಟಿಹಾಕುತ್ತದೆ. ಸರ್ಕಾರ ಎಚ್ಚರಿಕೆ ಕೊಟ್ಟ ದಿನ ಕಂಪನಿಯೇ ಖರ್ಚು ಕೊಟ್ಟು ಕರೆಸಿಕೊಳ್ಳುತ್ತದೆ ಎಂಬ ಮಾತು ಕರಾರಿನಲ್ಲಿ ಇದ್ದರೆ ಆ ಭಯ ಅರ್ಧ ಕಳೆದಂತೆ.

ಅಪಾಯವೆಂದರೆ ಯುದ್ಧ ಒಂದೇ ಅಲ್ಲ. 2024ರ ಜೂನ್ 12ರ ಮುಂಜಾನೆ ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರು ವಾಸವಿದ್ದ ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿತ್ತು. ಮಲಗಿದ್ದವರು ಹೊಗೆಗೆ ಸಿಕ್ಕರು. ಸತ್ತವರಲ್ಲಿ 45 ಮಂದಿ ಭಾರತೀಯರು. ಹೆಚ್ಚಿನವರು ಕೇರಳದವರು, ಕಲಬುರಗಿ ಜಿಲ್ಲೆಯವರೊಬ್ಬರೂ ಇದ್ದರು. ದೇಶ ಶಾಂತವಾಗಿತ್ತು, ಕೆಲಸವೂ ಇತ್ತು. ಸಾವು ಬಂದದ್ದು ಮಲಗುವ ಕೋಣೆಗೆ. ಹೀಗಾಗಿ ‘ವಸತಿ ಉಚಿತ’ ಎಂದರೆ ಸಾಲದು. ಕೋಣೆಗೆ ಎಷ್ಟು ಜನ, ಹೊರಬರಲು ಎಷ್ಟು ದಾರಿ ಎಂದು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಕಾಯಿಲೆಯ ಪಾಠವನ್ನಂತೂ ನಂಜನಗೂಡಿಗೆ ಯಾರೂ ಹೇಳಿಕೊಡಬೇಕಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಇಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಾಣಿಸಿಕೊಂಡು, ಸೋಂಕಿತರ ಸಂಖ್ಯೆ ಎಪ್ಪತ್ತನ್ನು ದಾಟಿ, ಇಡೀ ಊರು ಬೀಗ ಹಾಕಿಕೊಂಡಿತ್ತು. ಅದೇ ಮಾರ್ಚ್‌ನಲ್ಲಿ ನಿಂತ ದೇಶ-ದೇಶಗಳ ನಡುವಿನ ನಿಯಮಿತ ವಿಮಾನ ಸಂಚಾರ ಮತ್ತೆ ಪೂರ್ತಿ ಆರಂಭವಾದದ್ದು 2022ರ ಮಾರ್ಚ್ 27ರಂದು. ಹೊರದೇಶಗಳಲ್ಲಿ ಸಿಕ್ಕಿಕೊಂಡವರನ್ನು ತರಲು 2020ರ ಮೇ ತಿಂಗಳಲ್ಲಿ ‘ವಂದೇ ಭಾರತ್’ ವಿಮಾನಗಳನ್ನು ಹಾರಿಸಬೇಕಾಯಿತು. ಆರು ತಿಂಗಳ ಕೆಲಸಕ್ಕೆಂದು ಹೋದವರು ಯಾವಾಗ ಬರುವುದೆಂದು ತಿಳಿಯದೆ ಕುಳಿತ ಕಾಲ ಅದು. ಮರಳುವ ದಾರಿ ಎಂದೂ ತೆರೆದೇ ಇರುತ್ತದೆ ಎಂದು ನಂಬಿ ಕೂರಬಾರದು ಎಂದು ಅದು ಕಲಿಸಿತು.

ಎಸ್ಸೆಸ್ಸೆಲ್ಸಿಯ ಬೆಲೆ

ವಿದ್ಯಾರ್ಥಿಗಳು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹತ್ತನೆಯ ತರಗತಿ ಪಾಸಾದವರ ಪಾಸ್‌ಪೋರ್ಟಿಗೂ ಆಗದವರ ಪಾಸ್‌ಪೋರ್ಟಿಗೂ ವ್ಯತ್ಯಾಸವಿದೆ. ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ‘ಇಸಿಆರ್’ ವರ್ಗದ್ದು. ಅಂದರೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್, ಬಹರೈನ್, ಸಂಯುಕ್ತ ಅರಬ್ ಎಮಿರೇಟ್ಸ್, ಮಲೇಶಿಯಾ, ಇರಾಕ್, ಲಿಬಿಯಾ, ಸುಡಾನ್ ಮುಂತಾದವು ಆ ಪಟ್ಟಿಯಲ್ಲಿವೆ. 1983ರ ವಲಸೆ ಕಾಯಿದೆ ಇದಕ್ಕೆ ಆಧಾರ.

ಇದನ್ನು ತೊಡಕು ಎಂದು ಭಾವಿಸುವವರೇ ಹೆಚ್ಚು. ವಾಸ್ತವವಾಗಿ ಇದು ಬೇಲಿ. ಅನುಮತಿ ಕೊಡುವ ಮುನ್ನ ಕೆಲಸದ ಕರಾರು, ಮಾಲೀಕ, ಸಂಬಳ ಇವೆಲ್ಲ ದಾಖಲೆಗೆ ಬರುತ್ತವೆ. ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ ಎಂಬ ವಿಮೆಯೂ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು, ತೆರಿಗೆ ಬೇರೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ ರೂಪಾಯಿ ಪರಿಹಾರ. ಪಟ್ಟಣದಲ್ಲಿ ಒಂದು ಜೊತೆ ಬಟ್ಟೆಗೆ ಕೊಡುವ ಹಣಕ್ಕಿಂತ ಕಡಿಮೆ ಖರ್ಚಿನ ರಕ್ಷಣೆ ಇದು.

ಈ ಬೇಲಿಯನ್ನು ಹಾರಿಸುವ ಸುಲಭ ಉಪಾಯವೇ ‘ವಿಸಿಟ್ ವೀಸಾ’. ‘ಸದ್ಯಕ್ಕೆ ಪ್ರವಾಸಿಯಾಗಿ ಹೋಗು, ಅಲ್ಲಿ ಕೆಲಸದ ವೀಸಾ ಮಾಡಿಸಿಕೊಡುತ್ತೇನೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬೇಕು. ಪ್ರವಾಸಿಯಾಗಿ ಹೋದವನು ಸರ್ಕಾರದ ದಾಖಲೆಯಲ್ಲಿ ಕಾರ್ಮಿಕನೇ ಅಲ್ಲ. ಅವನಿಗೆ ಕರಾರಿಲ್ಲ, ಆ ವಿಮೆಯಿಲ್ಲ. ಆ ದೇಶದ ಕಾನೂನಿನ ಕಣ್ಣಿನಲ್ಲಿ ಅವನೇ ಅಪರಾಧಿ.

ನರ್ಸಿಂಗ್ ಓದುವ ಹೆಣ್ಣುಮಕ್ಕಳ ತಂದೆತಾಯಿಗಳು ಇನ್ನೊಂದು ನಿಯಮ ತಿಳಿದಿರಬೇಕು. ಶುಶ್ರೂಷಕಿಯರು ಎಷ್ಟೇ ಓದಿದ್ದರೂ ಈ 18 ದೇಶಗಳಿಗೆ ಹೋಗಲು ವಲಸೆ ಅನುಮತಿ ಪಡೆಯಬೇಕೆಂದು 2015ರಲ್ಲಿ ಸರ್ಕಾರ ಕಡ್ಡಾಯ ಮಾಡಿತು. ಅದರ ಹಿಂದಿನ ವರ್ಷವಷ್ಟೇ ಇರಾಕಿನ ತಿಕ್ರಿತ್‌ನಲ್ಲಿ 46 ಮಂದಿ ಭಾರತೀಯ ನರ್ಸುಗಳು ಉಗ್ರರ ನಡುವೆ ಸಿಕ್ಕಿ, 2014ರ ಜುಲೈನಲ್ಲಿ ಸುರಕ್ಷಿತವಾಗಿ ಮರಳಿದ್ದರು. ಅದೇ ಜೂನ್‌ನಲ್ಲಿ ಮೊಸುಲ್‌ನಲ್ಲಿ ಒತ್ತೆಯಾದ 39 ಭಾರತೀಯ ಕಾರ್ಮಿಕರು ಮರಳಲಿಲ್ಲ. ಅವರ ಸಾವಿನ ಸುದ್ದಿ ಸಂಸತ್ತಿನಲ್ಲಿ ಖಚಿತವಾದದ್ದು 2018ರ ಮಾರ್ಚ್‌ನಲ್ಲಿ.

ಏಜೆಂಟರ ಮಾತು

ಕಾನೂನಿನ ಪ್ರಕಾರ ಹೊರದೇಶಕ್ಕೆ ಕೆಲಸಗಾರರನ್ನು ಸೇರಿಸಿಕೊಡುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಪಡೆದ ಹಣಕ್ಕೆ ರಸೀದಿ ಕೊಡಬೇಕು. ನೋಂದಾಯಿತ ಏಜೆಂಟರ ಪಟ್ಟಿ ಸರ್ಕಾರದ ‘ಇ-ಮೈಗ್ರೇಟ್’ ವ್ಯವಸ್ಥೆಯಲ್ಲಿದೆ, ಯಾರು ಬೇಕಾದರೂ ನೋಡಬಹುದು. ಲಕ್ಷಗಟ್ಟಲೆ ಕೇಳುವವನು, ಹೋಟೆಲಿನಲ್ಲಿ ಕುಳಿತು ಮಾತು ಮುಗಿಸುವವನು, ‘ಪಾಸ್‌ಪೋರ್ಟ್ ನನ್ನ ಹತ್ತಿರವೇ ಇರಲಿ’ ಎನ್ನುವವನು ಇವರೆಲ್ಲ ದೂರವಿಡಬೇಕಾದವರು.

ನಂಬಿ ಕೆಟ್ಟವರ ಕಥೆ ನಮ್ಮ ರಾಜ್ಯದಲ್ಲೇ ಇದೆ. ಕಲಬುರಗಿ ಜಿಲ್ಲೆಯ ಯುವಕರು ಭದ್ರತಾ ಕೆಲಸ ಎಂಬ ಆಸೆಗೆ ರಷ್ಯಾಕ್ಕೆ ಹೋಗಿ, ಅಲ್ಲಿ ಸೈನ್ಯಕ್ಕೆ ಸೇರಿಸಲ್ಪಟ್ಟು ಉಕ್ರೇನ್ ಯುದ್ಧದ ಅಂಚಿಗೆ ತಳ್ಳಲ್ಪಟ್ಟಿದ್ದು 2024ರ ಆರಂಭದಲ್ಲಿ ಬೆಳಕಿಗೆ ಬಂತು. ಹೀಗೆ ಹೋದ ಭಾರತೀಯರಲ್ಲಿ ಕೆಲವರು ಯುದ್ಧರಂಗದಲ್ಲೇ ಸತ್ತರು. ಪ್ರಕರಣ ಸಿಬಿಐಗೆ ಹೋಯಿತು, ಪ್ರಧಾನಮಂತ್ರಿ ಜುಲೈನಲ್ಲಿ ರಷ್ಯಾದ ಅಧ್ಯಕ್ಷರೊಂದಿಗೆ ಮಾತಾಡಿದರು, ಸೆಪ್ಟೆಂಬರಿನಲ್ಲಿ ಕಲಬುರಗಿಯ ಯುವಕರು ಮನೆ ಸೇರಿದರು. ತಿಳಿಯದ ಭಾಷೆಯ ಕಾಗದಕ್ಕೆ ಹಾಕಿದ ಒಂದು ಸಹಿಯನ್ನು ಅಳಿಸಲು ಎರಡು ದೇಶಗಳ ನಾಯಕರು ಮಾತಾಡಬೇಕಾಯಿತು. ಓದಲು ಬಾರದ ಕಾಗದಕ್ಕೆ ಸಹಿ ಹಾಕಬಾರದು. ಇದಕ್ಕಿಂತ ದೊಡ್ಡ ಬುದ್ಧಿವಾದ ಬೇರೊಂದಿಲ್ಲ.

ಸೂಟುಬೂಟಿನ ನೌಕರಿಗೂ ತೊಡಕುಂಟು

ಎಂಜಿನಿಯರ್ ಮಗ ಕಂಪನಿಯ ಕಡೆಯಿಂದಲೇ ಅಮೆರಿಕಕ್ಕೋ ಜರ್ಮನಿಗೋ ಹೊರಟರೆ ಇವು ಯಾವುವೂ ಅನ್ವಯಿಸವು ಎಂದು ಪೋಷಕರು ನಿಶ್ಚಿಂತರಾಗುತ್ತಾರೆ. ಅಲ್ಲಿಯ ಅಪಾಯ ಬೇರೆ ಬಗೆಯದು, ಅಷ್ಟೆ. ಅಮೆರಿಕದ ಎಚ್-1ಬಿ ವೀಸಾ ಇರುವವರು ನೌಕರಿ ಕಳೆದುಕೊಂಡರೆ ಹೊಸ ಕೆಲಸ ಹುಡುಕಲು ಅಥವಾ ದೇಶ ಬಿಡಲು ಸಿಗುವ ಅವಧಿ ಹೆಚ್ಚೆಂದರೆ 60 ದಿನ. ಮನೆ ಬಾಡಿಗೆ, ಮಕ್ಕಳ ಶಾಲೆ, ಕಾರಿನ ಸಾಲ ಎಲ್ಲವನ್ನೂ ಅಷ್ಟರಲ್ಲಿ ಬಗೆಹರಿಸಬೇಕು. ಆಸ್ಪತ್ರೆಯ ಖರ್ಚಂತೂ ಊಹೆಗೆ ಮೀರಿದ್ದು. ಕಂಪನಿಯ ಆರೋಗ್ಯ ವಿಮೆ ಹೆಂಡತಿ ಮಕ್ಕಳಿಗೂ ಇದೆಯೇ, ಮೊದಲಿನಿಂದ ಇರುವ ಕಾಯಿಲೆಗೆ ಸಲ್ಲುತ್ತದೆಯೇ ಎಂದು ಹೊರಡುವ ಮೊದಲೇ ಕೇಳಬೇಕು.

ಭವಿಷ್ಯನಿಧಿಯ ವಿಷಯವೂ ಹೀಗೆಯೇ. ಜರ್ಮನಿ, ಫ್ರಾನ್ಸ್, ಜಪಾನ್ ಮೊದಲಾದ ಹಲವು ದೇಶಗಳೊಂದಿಗೆ ಭಾರತ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡಿದೆ. ಇಂಥದರಲ್ಲಿ ಮೊದಲನೆಯದಾದ ಬೆಲ್ಜಿಯಂ ಒಪ್ಪಂದ 2009ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಡೆಪ್ಯುಟೇಶನ್ ಮೇಲೆ ಹೋಗುವ ನೌಕರ ಇಲ್ಲಿನ ಭವಿಷ್ಯನಿಧಿ ಕಚೇರಿಯಿಂದ ಪ್ರಮಾಣಪತ್ರ ಒಯ್ದರೆ ಅಲ್ಲಿ ಮತ್ತೆ ಅದೇ ಬಗೆಯ ವಂತಿಗೆ ಕಟ್ಟಬೇಕಿಲ್ಲ. ಅಮೆರಿಕದೊಂದಿಗೆ ಇಂಥ ಒಪ್ಪಂದ ಇಲ್ಲ. ‘ಇಷ್ಟು ವರ್ಷ ದುಡಿಯದೆ ಬಿಟ್ಟರೆ ಇಷ್ಟು ಹಣ ತುಂಬಿಕೊಡಬೇಕು’ ಎಂಬ ಬಾಂಡ್ ಇದ್ದರೆ ಅದನ್ನೂ ಓದಬೇಕು. ಯುದ್ಧವೋ ಕಾಯಿಲೆಯೋ ಬಂದು ಮರಳಿದರೂ ಆ ಹಣ ಕಟ್ಟಬೇಕೇ ಎಂಬುದಕ್ಕೆ ಅದರಲ್ಲೇ ಉತ್ತರವಿರಬೇಕು.

ಮನೆಯವರು ಕೇಳಬೇಕಾದ ಹತ್ತು ಪ್ರಶ್ನೆಗಳು

1. ಕೆಲಸ ಕೊಡುವವರು ಯಾರು? ಕರಾರಿನಲ್ಲಿರುವ ಹೆಸರೂ ವೀಸಾದಲ್ಲಿರುವ ಹೆಸರೂ ಒಂದೆಯೇ?
2. ವೀಸಾ ಕೆಲಸದ್ದೇ, ಪ್ರವಾಸದ್ದೇ?
3. ಕರಾರು ನಮಗೆ ಓದಲು ಬರುವ ಭಾಷೆಯಲ್ಲಿದೆಯೇ? ಒಂದು ಪ್ರತಿ ಮನೆಯಲ್ಲಿ ಉಳಿಯುತ್ತದೆಯೇ?
4. ಸಂಬಳ, ಕೆಲಸದ ಅವಧಿ, ರಜೆ, ಊರಿಗೆ ಬರುವ ಟಿಕೇಟು ಯಾರ ಖರ್ಚು?
5. ವಿಮೆ ಯಾವುದು? ಎಷ್ಟು ಮೊತ್ತ? ನಾಮಿನಿ ಯಾರು?
6. ವಾಸದ ಸ್ಥಳದ ಪೂರ್ಣ ವಿಳಾಸ ಏನು? ಕೋಣೆಗೆ ಎಷ್ಟು ಜನ?
7. ಆ ದೇಶದ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯದ ಎಚ್ಚರಿಕೆ ಏನಾದರೂ ಇದೆಯೇ?
8. ಗಲಭೆ ಅಥವಾ ಕಾಯಿಲೆ ಬಂದರೆ ಕಂಪನಿಯಲ್ಲಿ ರಾತ್ರಿ ಹೊತ್ತಿನಲ್ಲೂ ಫೋನ್ ಎತ್ತುವವರು ಯಾರು?
9. ಪಾಸ್‌ಪೋರ್ಟ್ ಯಾರ ಕೈಯಲ್ಲಿರುತ್ತದೆ? ಅದು ಭಾರತ ಸರ್ಕಾರದ ಸ್ವತ್ತು, ಮಾಲೀಕನ ಪೆಟ್ಟಿಗೆಯಲ್ಲಿ ಇರತಕ್ಕದ್ದಲ್ಲ.
10. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ್ದಾಗಿದೆಯೇ?

ಉತ್ತರಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದು, ಪಾಸ್‌ಪೋರ್ಟ್, ವೀಸಾ, ಕರಾರು, ವಿಮೆಗಳ ಪ್ರತಿಗಳೊಂದಿಗೆ ಮನೆಯಲ್ಲಿಟ್ಟುಕೊಂಡರೆ ಕಷ್ಟದ ದಿನ ಪರದಾಡಬೇಕಿಲ್ಲ. ಯುದ್ಧ ಶುರುವಾದ ಮೇಲೆ ‘ನಮ್ಮ ಹುಡುಗ ಯಾವ ಊರಲ್ಲಿದ್ದಾನೆ?’ ಎಂದು ನೆರೆಯವರನ್ನು ವಿಚಾರಿಸುವ ಸ್ಥಿತಿ ಬರಬಾರದು.

ಸಹಾಯ ಎಲ್ಲಿ?

ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ಅಲೆಯುವ ಕಾಲ ಹೋಯಿತು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲಿ ಮೊದಲು ಶುರುವಾದ ಊರುಗಳಲ್ಲಿ ಮೈಸೂರೂ ಒಂದು. ವಲಸೆಯ ಬಗ್ಗೆ ಸಲಹೆ ಬೇಕಾದವರಿಗೂ ತೊಂದರೆಗೆ ಸಿಕ್ಕವರಿಗೂ ವಿದೇಶಾಂಗ ಸಚಿವಾಲಯದ ಉಚಿತ ದೂರವಾಣಿ 1800-11-3090 ಇದೆ. ದೂರು ಸಲ್ಲಿಸಲು 2015ರಿಂದ ‘ಮದದ್’ ಎಂಬ ವ್ಯವಸ್ಥೆ ಇದೆ. ದಿಕ್ಕಿಲ್ಲದೆ ಸಿಕ್ಕಿಬಿದ್ದವರ ಊಟ, ವಸತಿ, ಮರುಪ್ರಯಾಣಕ್ಕೆ ರಾಯಭಾರ ಕಚೇರಿಗಳು 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ಬಳಸುತ್ತವೆ. ಮೊದಲ ಬಾರಿ ಹೊರಡುವ ಕಾರ್ಮಿಕರಿಗೆ ಒಂದು ದಿನದ ಉಚಿತ ತರಬೇತಿಯೂ ಉಂಟು. ಇವೆಲ್ಲ ಇವೆ ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಶಾಲಾ ಕಾಲೇಜುಗಳ ವಾರ್ಷಿಕೋತ್ಸವದ ಒಂದು ಗಂಟೆಯನ್ನು ಇದಕ್ಕೆ ಮೀಸಲಿಟ್ಟರೆ ತಪ್ಪಿಲ್ಲ.

ಊರು ಬಿಟ್ಟು ಹೋಗುವುದು ತಪ್ಪಲ್ಲ, ಹೋಗಿ ಗೆದ್ದವರೂ ಬೇಕಾದಷ್ಟು ಇದ್ದಾರೆ. ಆದರೆ ಸಂಗಮದಲ್ಲಿ ಹರಿಗೋಲು ಹತ್ತುವ ಮುನ್ನ ನಮ್ಮ ಹಿರಿಯರು ಹೊಳೆಯ ನೀರು ಎಷ್ಟಿದೆ ಎಂದು ಅಂಬಿಗನನ್ನು ಕೇಳುತ್ತಿದ್ದರು. ಕೇಳಿದ್ದಕ್ಕೆ ಅಂಬಿಗ ಸಿಟ್ಟಾದರೆ ಆ ಹರಿಗೋಲು ಹತ್ತುತ್ತಿರಲಿಲ್ಲ. ಕೆಲಸ ಕೊಡುವವರನ್ನೂ ಹಾಗೆಯೇ ಕೇಳಬೇಕು. ಸರಿಯಾದ ಉತ್ತರ ಕೊಡುವವರ ಜೊತೆ ಮಕ್ಕಳನ್ನು ಧೈರ್ಯವಾಗಿ ಕಳುಹಿಸಬಹುದು. ಪ್ರಶ್ನೆಗೇ ಮುನಿಸಿಕೊಳ್ಳುವವರು ಎಷ್ಟು ಸಂಬಳ ಹೇಳಿದರೂ ಅಂಥ ಕೆಲಸ ಬೇಡ.